ಅಕ್ಕನ ಎಡಗಾಲಿನ ಬೂಟು

ಬೂಟು ಹೊಲಿಯುವ ತಮ್ಮನನ್ನು ಬೀದಿಯವರು ಕರೆಯುತ್ತಿದ್ದುದು ‘ತೂರಾಟ’ ಎಂದು. ಅವನು ಕುಡಿತ ಬಿಟ್ಟು ವರ್ಷವಾದರೂ ಹೆಸರು ಅವನನ್ನು ಬಿಟ್ಟಿರಲಿಲ್ಲ. ಕುಡಿತ ಬಿಡಿಸಲು ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತಿದ್ದರು. ಅಮ್ಮ ಅತ್ತಳು, ಮಾವ ಆಸ್ಪತ್ರೆಗೆ ಎಳೆದೊಯ್ದ, ಅಕ್ಕ ಅವನ ಬಾಟಲಿಗಳನ್ನು ಹುಡುಕಿ ಹುಡುಕಿ ಚೆಲ್ಲಲು ಒಯ್ದಳು.

ಅಕ್ಕನ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ದಪ್ಪ ಅಟ್ಟೆಯ ಬೂಟು ಮಾಡಿಕೊಡುತ್ತಿದ್ದವನು ತಮ್ಮನೇ. ಅದನ್ನು ತೊಟ್ಟು ಅವಳು ಅಂಗಡಿಗೆ ಬಂದು, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಚರ್ಮ ಹೊಲಿಯುತ್ತ ಗಿರಾಕಿಗಳ ಕಾಲೆಳೆಯುತ್ತಿದ್ದಳು. ಅವನು ಬಾಟಲಿ ಬಿಟ್ಟ ಮೇಲೆ ಅವಳು ಅಂಗಡಿ ಬಿಟ್ಟಳು. “ಯಾಕೋ ಬೇಜಾರು ಕಣೋ” ಎಂದಷ್ಟೇ ಹೇಳಿ ಕೋಣೆ ಸೇರಿದಳು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಎಡವುತ್ತಿದ್ದಳು.

ಬೂಟಿನದೇ ತಪ್ಪು ಎಂದು ತಮ್ಮ ತೀರ್ಮಾನಿಸಿದ. ಪುಣ್ಯಾತ್ಮನಿಗೆ ಗೊತ್ತಿದ್ದ ಔಷಧಿ ಅದೊಂದೇ. ಅಟ್ಟೆಗೆ ಒಂದು ಪದರ ಸೇರಿಸಿದ; ಮತ್ತೆ ಎಡವಿದಳು. ಉಜ್ಜಿ ತೆಳ್ಳಗೆ ಮಾಡಿದ. ಬಾಗಿಲಿಗೆ ಹಣೆ ಬಡಿಸಿಕೊಂಡಳು. ಹೇಗಾದರೂ ಆ ಸ್ಟೂಲಿಗೆ ಅವಳು ಮರಳಿ ಬರಬೇಕು ಎಂಬುದೇ ಅವನ ಹಂಬಲ. ಮನೆಯಲ್ಲಿ ಹೆಂಡದ ವಾಸನೆ ಬಂದಾಗಲೆಲ್ಲ ಅಮ್ಮ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆಣೆ ಹಾಕಿ ಹಾಕಿ ಸಾಕಾಗಿ ಅವನು ಸುಮ್ಮನಾಗಿದ್ದ. ತಾನು ಬಚ್ಚಿಟ್ಟು ಮರೆತ ಯಾವುದೋ ಬಾಟಲಿ ಒಡೆದಿರಬೇಕು ಅಂದುಕೊಂಡಿದ್ದ.

ಒಂದು ಮಧ್ಯಾಹ್ನ ಹೊಸದಾಗಿ ಅಳತೆ ತೆಗೆಯಲು ಮನೆಗೆ ಬಂದ. ಅಕ್ಕನನ್ನು ಮಂಚದ ಮೇಲೆ ಕೂರಿಸಿ, ಎದುರು ಮಂಡಿಯೂರಿ, ಬೂಟು ಬಿಚ್ಚಿ ಪಾದ ಹಿಡಿದ. ಕೂತಲ್ಲೇ ಅವಳು ವಾಲುತ್ತಿದ್ದಳು. ಕೂತವಳು ವಾಲಿದರೆ ಅದು ಯಾವ ಬೂಟಿನ ತಪ್ಪು? ತಲೆಯೆತ್ತಿದ. ಅವಳ ಉಸಿರು ಮುಖಕ್ಕೆ ಬಡಿಯಿತು. ಆ ವಾಸನೆ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಯಾವಾಗಿಂದ, ಅಕ್ಕಾ?”

“ನಿನ್ ಬಾಟ್ಲಿ ಚೆಲ್ಲೋಕ್ ಹೋದಾಗಿಂದ. ಚೆಲ್ಲಲಿಲ್ಲ ಕಣೋ. ಈಗ ಪಕ್ಕದ್ಮನೆಯವಳು ತಂದ್ಕೊಡ್ತಾಳೆ. ಅವಳೂ ಕುಡೀತಾಳೆ.” ಅವಳು ನಗಲು ನೋಡಿದಳು, ಆಗಲಿಲ್ಲ. “ನೀನು ತೂರಾಡಿದ್ರೆ ಇಡೀ ಮನೆ ಓಡಿ ಬರ್ತಿತ್ತು. ನಾನ್ ಬಿದ್ರೆ ಎಲ್ರೂ ಕಾಲು ನೋಡಿದ್ರು. ನೀನೂ ಅಷ್ಟೇ.”

ಅವನು ಅವಳ ಪಾದಕ್ಕೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಸದ್ದು ಕೇಳಿ ಅಮ್ಮ ಬಂದಳು, ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

“ಮತ್ತೆ ಶುರು ಹಚ್ಕೊಂಡ್ಯಾ, ಪಾಪಿ?”

“ಅವನಲ್ಲಮ್ಮ, ನಾನು,” ಎಂದಳು ಅಕ್ಕ.

“ಸಾಕು ಸುಮ್ನಿರೇ! ತಮ್ಮನ್ನ ಉಳಿಸೋಕೆ ಏನ್ ಬೇಕಾದ್ರೂ ಹೇಳ್ತೀಯ,” ಎಂದು ಅಮ್ಮ ಅವನ ಬೆನ್ನಿಗೊಂದು ಗುದ್ದಿ, ಕಣ್ಣೊರೆಸಿಕೊಳ್ಳುತ್ತ ಹೊರಟುಹೋದಳು.