ಸಿಂಕಿನಲ್ಲಿ ಬಿಟ್ಟ ಲೋಟಗಳು

ನಮ್ಮ ಚಿಕ್ಕಮ್ಮ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಾರೆ. ವಾಕ್ಯದಲ್ಲಿ ಸಮ್‌ವನ್, ಎನಿವನ್, ನೋಬಡಿ ಎಲ್ಲಿವೆ ಎಂದು ಗುರುತಿಸುವ ಪಾಠ ಬಂದರೆ ಅವರಿಗೆ ಮೈ ಉರಿಯುತ್ತದೆ. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋ ಹೇಡಿಗಳಿಗೆ ಇವು ಬೇಕು" ಎನ್ನುತ್ತಾರೆ.

ಸಿಟ್ಟಿಗೆ ಕಾರಣ ಟೀಚರುಗಳ ಕೋಣೆಯ ಸಿಂಕು. ಅದರಲ್ಲಿ ಟೀ ಲೋಟಗಳು ಬೂಷ್ಟು ಹಿಡಿದು ಗಬ್ಬು ನಾರುತ್ತಿದ್ದವು. ಮೇಷ್ಟ್ರುಗಳು ಮೂಗು ಮುಚ್ಚಿಕೊಂಡೇ ಅದರ ಮೇಲೆ ಇನ್ನೊಂದು ಲೋಟ ಇಟ್ಟು ಹೋಗುತ್ತಿದ್ದರು, ಥೂ! ಕೊನೆಗೆ ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದರು: ಯಾರೋ ಲೋಟ ತೊಳೆಯದೆ ಬಿಡುತ್ತಿದ್ದಾರೆ, ಯಾರಾದರೂ ತೊಳೆಯಿರಿ.

ಚಿಕ್ಕಮ್ಮ ಆ ಚೀಟಿಯನ್ನು ಕಿತ್ತುಕೊಂಡು ತರಗತಿಗೆ ಹೋಗಿ, ಅದನ್ನೇ ಬೋರ್ಡಿನ ಮೇಲೆ ಬರೆದರು. ಮಕ್ಕಳು ಸಮ್‌ವನ್, ಎನಿವನ್ ಎರಡಕ್ಕೂ ಸಲೀಸಾಗಿ ಗೆರೆ ಎಳೆದರು.

"ಈಗ ಅವುಗಳ ಜಾಗದಲ್ಲಿ ನಿಜವಾದ ಹೆಸರು ಬರೀರಿ. ಹೆದರಬೇಡಿ."

ಮೊದಲನೆಯ ಜಾಗದಲ್ಲಿ ಹೆಡ್‌ಮಾಸ್ಟರಿಂದ ಹಿಡಿದು ಎಲ್ಲ ಮೇಷ್ಟ್ರುಗಳ ಹೆಸರೂ ಬಂದವು. ಚಿಕ್ಕಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡನೆಯ ಜಾಗದಲ್ಲಿ ಮಾತ್ರ ಇಡೀ ತರಗತಿ ಚಿಕ್ಕಮ್ಮನ ಹೆಸರನ್ನೇ ಬರೆದಿತ್ತು.

"ನಾನ್ಯಾಕೆ ತೊಳೀಬೇಕು?"

ಮುಂದಿನ ಬೆಂಚಿನ ಹುಡುಗಿ ಅಚ್ಚರಿಯಿಂದ ನೋಡಿದಳು. "ಆ ರೂಮಲ್ಲಿ ಹೆಂಗಸು ಅಂತ ಇರೋದು ನೀವೊಬ್ರೇ ಅಲ್ವಾ, ಮಿಸ್?"