ದಾನಯ್ಯ ಎಸೆಯದೆ ಉಳಿಸಿದ ಸದ್ದು

ಗಂಗೆಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಘಾಟಿನ ಕೊನೆಯ ಮೆಟ್ಟಿಲಿಗೆ ಕಟ್ಟಿದ ದೋಣಿಯಲ್ಲಿ ಕಂಬಳಿ ಹೊದ್ದ ಒಬ್ಬರು ಮಡಕೆಯೊಂದನ್ನು ಬೋರಲು ಹಾಕಿಕೊಂಡು ಕುಳಿತಿದ್ದಾರೆ. ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಹೆಡ್‌ಫೋನು. ಮಡಕೆಯ ತಳಕ್ಕೆ ತೂತು ಕೊರೆದು ಒಳಗೆ ಮೈಕು ಇಳಿಬಿಟ್ಟಿದ್ದಾರೆ, ಬಾಯನ್ನು ದೋಣಿಯ ಹಲಗೆಗೆ ಒತ್ತಿ ಹಿಡಿದಿದ್ದಾರೆ. ಪಕ್ಕದಲ್ಲಿ ಬ್ಯಾಟರಿಯ ಪುಟ್ಟ ಕ್ಯಾಸೆಟ್ ಯಂತ್ರ ಸದ್ದಿಲ್ಲದೆ ತಿರುಗುತ್ತಿದೆ.

ದೋಣಿಯವನಿಗೆ ಇದು ಹೊಸತಲ್ಲ. ಬೀಡಿ ಹಚ್ಚುತ್ತ, "ಕಾ ಗುರು, ಪಾನಿ ಕಾ ಕಹತ್ ಹೌ?" ಎಂದು ಕೇಳುತ್ತಾನೆ. ನೀರು ಇವತ್ತು ಏನು ಹೇಳುತ್ತಿದೆ ಎಂಬ ಕೀಟಲೆ. ಬೇರೆ ದಿನವಾಗಿದ್ದರೆ ಕಂಬಳಿಯೊಳಗಿನಿಂದ ತಕ್ಕ ಉತ್ತರವೇ ಬರುತ್ತಿತ್ತು. ಇವತ್ತು ದಾನಯ್ಯ ಬರೀ ತಲೆಯಾಡಿಸುತ್ತಾರೆ. ಅವರ ಮನಸ್ಸು ನೀರಿನ ಮೇಲಿಲ್ಲ, ಜಂಗಮವಾಡಿಯ ಗಲ್ಲಿಯಲ್ಲಿರುವ ತಮ್ಮ ಮನೆಯ ಹೊಸ್ತಿಲ ಮೇಲಿದೆ. ಪೂಜೆ ಮುಗಿಸಿಕೊಂಡು ಇವತ್ತು ಅಲ್ಲಿಗೆ ಸೋದರಮಾವ ಶಂಭುಲಿಂಗಯ್ಯ ಬರುವವರಿದ್ದಾರೆ. ಅದೇ ಗಲ್ಲಿಯಲ್ಲಿದ್ದೂ ಆರು ವರ್ಷದಿಂದ ಅಳಿಯನ ಜೊತೆ ಒಂದು ಮಾತು ಆಡದ ಮಾವ ಅವರು.

"ಇವತ್ತ ಅವ್ರಿಗೆ ಕೇಳಸ್ತೀನ್ರಿ," ಎನ್ನುತ್ತಾರೆ ದಾನಯ್ಯ, ಮೈಕಿನ ತಂತಿ ಸುತ್ತುತ್ತ. "ಕೇಳಿ, ಬ್ಯಾಡ ಅಂದ್ರ ಅಳಿಸಿಬಿಡ್ತೀನಿ. ಅವರ ದನಿ ಇರೋ ಟೇಪು ಅಷ್ಟೂ. ಅವರ ಉಸಿರದು, ನಂದೇನೂ ಅಲ್ಲ."

ಅವರ ದನಿ ಇಲ್ಲದ ಟೇಪು ದಾನಯ್ಯನವರ ಹತ್ತಿರ ಹೆಚ್ಚಿಲ್ಲ. ಅಂದರೆ ಒಂದು ಮಾತಿನಲ್ಲಿ ಅವರ ಇಷ್ಟು ವರ್ಷದ ಕೆಲಸವೆಲ್ಲ ಹೋದರೂ ಹೋಯಿತು.

ಕೆಲಸ ಎಂದರೆ ಯಾವ ಕೆಲಸ? ಗಲ್ಲಿಯವರನ್ನು ಕೇಳಿದರೆ ಮೈಕ್ ಸೆಟ್ಟಿನ ದಾನಯ್ಯ ಎನ್ನುತ್ತಾರೆ. ಮದುವೆಗೆ, ಕೀರ್ತನೆಗೆ ಭೋಂಗಾ, ಅಂದರೆ ಲೌಡ್‌ಸ್ಪೀಕರು, ಕಟ್ಟುವವರು, ರೇಡಿಯೊ ರಿಪೇರಿ ಮಾಡುವವರು. ಅದು ಹೊಟ್ಟೆಪಾಡು. ಇನ್ನೊಂದು ಕೆಲಸಕ್ಕೆ ಇನ್ನೂ ಸರಿಯಾದ ಹೆಸರೇ ಇಲ್ಲ. ಸದ್ದುಗಳನ್ನು ಟೇಪಿನಲ್ಲಿ ಹಿಡಿದು, ದಾಡಿ ಬ್ಲೇಡಿನಿಂದ ಕತ್ತರಿಸಿ, ನಿಧಾನ ಮಾಡಿ, ತಿರುವುಮುರುವು ಮಾಡಿ, ಒಂದರ ಮೇಲೊಂದು ಹೇರಿ, ನಡುನಡುವೆ ವಿದ್ಯುತ್ ಪೆಟ್ಟಿಗೆಯಿಂದ ಹುಟ್ಟಿಸಿದ ನಾದ ಬೆರೆಸಿ ಅವರು ಸಂಗೀತ ಮಾಡುತ್ತಾರೆ. ಮನೆಗೊಬ್ಬ ತಬಲಾದವ, ಸಂದಿಗೊಬ್ಬ ಸಿತಾರದವ ಇರುವ ಕಾಶಿಯಲ್ಲಿ ಇದನ್ನು ಸಂಗೀತವೆಂದು ಹೇಳಲು ಧೈರ್ಯ ಬೇಕು. ದಾನಯ್ಯ ಹೇಳುವುದೂ ಇಲ್ಲ. "ಜೋಡಿಸೂದು" ಎಂದಷ್ಟೇ ಅನ್ನುತ್ತಾರೆ.

ಹುಟ್ಟಿದ್ದು ಇಲ್ಲೇ. ಅಜ್ಜನ ಕಾಲದಲ್ಲಿ ಧಾರವಾಡದ ಕಡೆಯಿಂದ ಬಂದ ಮನೆತನ, ತಂದೆ ಜಂಗಮವಾಡಿ ಮಠದ ಅಡುಗೆಮನೆಯಲ್ಲಿದ್ದವರು. ಅವರು ಬೇಗ ತೀರಿಕೊಂಡ ಮೇಲೆ ಸಾಕಿದ್ದು ಶಂಭುಲಿಂಗಯ್ಯ. ಬೆಳಗಿನ ಪೂಜೆಯ ಹೊತ್ತಿಗೆ ಸ್ತೋತ್ರ ಹಾಡುವುದು ಮಾವನ ಕಾಯಕ. ಅವರ ದನಿ ಕೇಳಿದ ಮೇಲೆಯೇ ಗಲ್ಲಿಯಲ್ಲಿ ಒಲೆ ಹೊತ್ತುತ್ತಿತ್ತೆಂದು ಹಳಬರು ಈಗಲೂ ನೆನೆಯುತ್ತಾರೆ. ಅಳಿಯನಿಗೆ ಹಾಡು ಹತ್ತಲಿಲ್ಲ. ದೋಣಿಯಲ್ಲಿ ಹೊಳೆ ದಾಟಿ ರಾಮನಗರದ ರೇಡಿಯೊ ಅಂಗಡಿಯೊಂದರಲ್ಲಿ ಕೆಲಸ ಕಲಿತು ಬಂದರು. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಮಠದ ಮಾಳಿಗೆಗೆ ಭೋಂಗಾ ಕಟ್ಟಿಸಿದ್ದೇ ಅವರು.

ಮುನಿಸು ಬಂದದ್ದು ೧೯೭೨ರಲ್ಲಿ. ಗಂಟಲು ಕಟ್ಟಿದ ದಿನವೂ ಗಲ್ಲಿಗೆ ಸ್ತೋತ್ರ ತಪ್ಪಬಾರದೆಂದು ಮಾವನ ಹಾಡನ್ನು ಪೂಜೆಯ ಹೊತ್ತಿನಲ್ಲೇ ಟೇಪಿಗೆ ಹಿಡಿಯಬೇಕೆಂದಾಯಿತು. ದಾನಯ್ಯ ಹಿಡಿದರು. ಹಾಡಿನ ಜೊತೆಗೆ ಬೇಡದ್ದೆಲ್ಲ ಬಂದಿತ್ತು. ಮಾವನ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದು, ಹಾಡಿಗೆ ಮುಂಚೆ ಉಸಿರು ಎಳೆಯುವುದು, ಪಾರಿವಾಳದ ರೆಕ್ಕೆ, ಹಾಲಿನವನ ಕೂಗು, ಯಾರದೋ ಕೈಜಾರಿದ ಗಿಂಡಿ. ಒಂದೊಂದನ್ನೂ ಬ್ಲೇಡಿನಿಂದ ಕತ್ತರಿಸಿ ತೆಗೆದು ಹಾಡನ್ನು ಚೊಕ್ಕ ಮಾಡಿದರು. ನೆಲದ ತುಂಬ ಟೇಪಿನ ಚೂರುಗಳು.

ಹೆಂಡತಿ ಜಗದಾಂಬ ಕಸಬರಿಗೆ ಹಿಡಿದು ಬಂದರು. ದಾನಯ್ಯ ಅಡ್ಡ ನಿಂತರು. ಇಂಥ ಮನೆಗಳಲ್ಲಿ ಬೆಳೆದವರಿಗೇ ಹೊಳೆಯುವ ಸಂಕಟ ಅದು. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ, ತಟ್ಟೆಯಲ್ಲಿ ಒಂದು ಅಗುಳು ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಮಾವನೇ ಕಲಿಸಿದ್ದು. ಈ ಚೂರುಗಳಲ್ಲಿರುವುದು ಪೂಜೆಯಲ್ಲಿ ಅರ್ಪಿತವಾದ ಉಸಿರು. ಕಸಕ್ಕೆ ಹಾಕುವುದು ಹೇಗೆ? ಗಂಗೆಗೆ ಬಿಡೋಣವೆಂದರೆ ಪ್ಲಾಸ್ಟಿಕ್ಕು.

"ನನಗ ನಗು ತಡಿಲಿಲ್ಲ," ಎನ್ನುತ್ತಾರೆ ಜಗದಾಂಬ. "ಕೆಮ್ಮಿಗೂ ಪ್ರಸಾದ ಅಂತಾರಲ್ರಿ ಇವ್ರು ಅಂದೆ. ಇವ್ರು ನಗಲಿಲ್ಲ. ಕೂತು ಒಂದೊಂದ ಚೂರು ಅಂಟಿಸಿದ್ರು."

ಎಸೆಯಲಾರದೆ ಜೋಪಾನವಾಗಿಡಲು ಚೂರುಗಳನ್ನು ಸಾಲಾಗಿ ಅಂಟಿಸಿ ಸ್ಪೂಲಿಗೆ ಸುತ್ತಿಟ್ಟರು, ಅಷ್ಟೇ. ಕೆಲವೇ ದಿನಕ್ಕೆ ಮಾವನ ಗಂಟಲು ಕಟ್ಟಿತು. ಬೆಳಗಿನ ಜಾವ ದಾನಯ್ಯ ನಿದ್ದೆಗಣ್ಣಿನಲ್ಲಿ ಸ್ಪೂಲು ಏರಿಸಿ ಗುಂಡಿ ಒತ್ತಿದರು. ಏರಿಸಿದ್ದು ಚೂರುಗಳ ಸ್ಪೂಲು.

ಮಾಳಿಗೆಯ ಭೋಂಗಾ ಕೆಮ್ಮಿತು. ಗಂಟಲು ಸರಿಮಾಡಿಕೊಂಡಿತು. ಹಾಡಲು ಉಸಿರು ಎಳೆದುಕೊಂಡಿತು, ಹಾಡಲಿಲ್ಲ. ಮತ್ತೆ ಎಳೆದುಕೊಂಡಿತು. ಪಾರಿವಾಳ ಹಾರಿತು, ಗಿಂಡಿ ಬಿತ್ತು, ಮತ್ತೆ ಉಸಿರು. ಗಂಗಾಸ್ನಾನಕ್ಕೆ ಹೊರಟವರು ಕೈಯಲ್ಲಿ ತಂಬಿಗೆ ಹಿಡಿದು ಗಲ್ಲಿಯಲ್ಲಿ ನಿಂತುಬಿಟ್ಟರು. ಆರಿಸಲು ಓಡಿದ ದಾನಯ್ಯನವರ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

"ಬಂದ್ ಮಾಡಬೇಕಿತ್ತು. ಆಗಲಿಲ್ರಿ," ಎನ್ನುತ್ತಾರೆ. "ಹಾಡು ಎಲ್ಲಾರೂ ಕೇಳ್ತಾರ. ಹಾಡಿಗಿಂತ ಮೊದಲ ಒಬ್ಬ ಮನಷ್ಯಾ ಎಷ್ಟ ತಯ್ಯಾರಿ ಆಗ್ತಾನ ಅನ್ನೂದು ನನಗ ಅವತ್ತ ಗೊತ್ತಾತು. ಮೈ ಜುಂ ಅಂತು. ಟೇಪು ಮುಗಿಯೂತನಕ ನಿಂತಲ್ಲೇ ನಿಂತೆ."

ಮಾವ ಮಲಗಿದ್ದಲ್ಲಿಂದ ಎಲ್ಲವನ್ನೂ ಕೇಳಿದರು. ತಪ್ಪಿ ಹಾಕಿದ್ದನ್ನು ಅವರು ಮನ್ನಿಸುತ್ತಿದ್ದರೇನೋ. ಗೊತ್ತಾದ ಮೇಲೂ ಆರಿಸದೆ ತಮ್ಮ ಕೆಮ್ಮನ್ನು ಊರಿಗೆಲ್ಲ ಕೇಳಿಸಿದನಲ್ಲ, ಅದನ್ನು ನುಂಗಿಕೊಳ್ಳಲು ಅವರಿಂದ ಆಗಲಿಲ್ಲ. ಅವತ್ತಿನಿಂದ ಶಂಭುಲಿಂಗಯ್ಯ ಮೈಕಿನ ಮುಂದೆ ಹಾಡಿಲ್ಲ. ಅಳಿಯನಿಗೆ ಹೇಳಬೇಕಾದ್ದೇನಿದ್ದರೂ ಜಗದಾಂಬ ಎದುರಿಗೆ ಸಿಕ್ಕಾಗ, "ನಿನ್ನ ಗಂಡಗ ಹೇಳವಾ" ಎಂದೇ ಶುರು. ಗಂಡ ಪಕ್ಕದಲ್ಲೇ ನಿಂತಿದ್ದರೂ ಅಷ್ಟೇ.

ದಾನಯ್ಯ ಮಾತ್ರ ಅಂದು ಹಿಡಿದ ಹುಚ್ಚನ್ನು ಬಿಡಲಿಲ್ಲ. ಅವರ ಕೋಣೆಗೆ ಕಾಲಿಟ್ಟವರು ಮೊದಲು ತಲೆ ತಗ್ಗಿಸಬೇಕು. ಎರಡು ತುದಿ ಸೇರಿಸಿ ಬಳೆಯ ಹಾಗೆ ಮಾಡಿದ ಟೇಪು ಯಂತ್ರದಿಂದ ಹೊರಟು ಬಾಗಿಲ ಚಿಲಕ, ಕಿಟಕಿಯ ಸರಳು, ತಂಬಿಗೆಯ ಕುತ್ತಿಗೆ ಎಲ್ಲವನ್ನೂ ಸುತ್ತಿ ಮತ್ತೆ ಯಂತ್ರಕ್ಕೆ ಬರುತ್ತದೆ. ಒಂದೇ ಸದ್ದು ಸುತ್ತಿಸುತ್ತಿ ಬರುತ್ತಿದ್ದರೆ ಅದರ ಒಳಗಿನದೆಲ್ಲ ಹೊರಗೆ ಕಾಣುತ್ತದೆಂದು ಅವರ ನಂಬಿಕೆ. ಜಗದಾಂಬ ಚಹಾದ ಲೋಟ ಹಿಡಿದು ಅದರಡಿಯಲ್ಲಿ ನುಸುಳಿ ಬರುವ ಚೆಂದವೇ ಬೇರೆ, ಒಂದು ಹನಿ ಚೆಲ್ಲುವುದಿಲ್ಲ.

ಕೋಣೆಯ ಮೂಲೆಯಲ್ಲಿ ಬೂದು ಬಣ್ಣದ ಪೆಟ್ಟಿಗೆಯೊಂದಿದೆ. ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೈಸೂರಿನ ಪ್ರಭಾಕರ, ಪ್ರಯೋಗಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಆಸಿಲೇಟರನ್ನು ಕೇಳಿ ತಂದುಕೊಟ್ಟರು. ಇಬ್ಬರೂ ಸೇರಿ ರಿಪೇರಿ ಮಾಡಿದರು. ಗುಂಡಿ ತಿರುಗಿಸಿದರೆ ಒಂದೇ ಎಳೆಯ ನಾದ, ಉಸಿರಿಲ್ಲ, ನಡುಕವಿಲ್ಲ. "ಯಂತ್ರ ಪರೀಕ್ಷೆ ಮಾಡೋಕೆ ಇಟ್ಕೊಂಡಿರೋ ಪೆಟ್ಟಿಗೆ ಇದು," ಎನ್ನುತ್ತಾರೆ ಪ್ರಭಾಕರ. "ಇವರು ಮೂರು ದಿವಸ ಅದರ ಮುಂದೆ ಸುಮ್ಮನೆ ಕೂತಿದ್ದು, ಆಮೇಲೆ ಆ ನಾದದ ಪಕ್ಕದಲ್ಲಿ ಒಂದು ಉಸಿರು ತಂದಿಟ್ರು. ನನಗೆ ಕೂತಲ್ಲೇ ಕಣ್ಣು ತುಂಬ್ತು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ಮಾವನ ಚೂರುಗಳಿಂದಲೇ ದಾನಯ್ಯ ಒಂದಾದ ಮೇಲೊಂದು ರಚನೆ ಕಟ್ಟಿದ್ದಾರೆ. ಬೇರೆಯವರ ಸದ್ದನ್ನೂ ಹೊಸದಾಗಿ ಜೋಡಿಸಿಕೊಡುತ್ತಾರೆ. ರಾಮನಗರದ ಬ್ಯಾಂಡಿನವರು ತಮ್ಮ ಮದುವೆಯ ಪದಗಳ ಟೇಪು ಕೊಟ್ಟಿದ್ದರು, ಅದರಲ್ಲಿ ಶ್ರುತಿ ಕೂಡಿಸಿಕೊಳ್ಳುವ ಗದ್ದಲವನ್ನಷ್ಟೇ ಆರಿಸಿ ಹಿಂದುಮುಂದಾಗಿ ನೇಯ್ದುಕೊಟ್ಟರು. ಅವರು ಮೊದಲು ಬೈದರು, ಆಮೇಲೆ ಇನ್ನೊಂದು ಸಲ ಹಾಕು ಅಂದರು. ಪ್ರಭಾಕರರ ಸ್ನೇಹಿತರ ಮೂಲಕ ಕೆಲವು ಟೇಪು ಬರೋಡ, ಕಲ್ಕತ್ತೆಯವರೆಗೂ ಹೋಗಿ ಬಂದಿವೆ. ಅಲ್ಲಿ ಯಾರೋ ಇದನ್ನು ಮಾಡಿದವರು ಯಾವ ದೇಶದವರು ಎಂದು ಕೇಳಿದರಂತೆ. ಆ ಹೊತ್ತಿಗೆ ಈ ಮಹಾಶಯರು ಯಾರದೋ ಮದುವೆಯ ಚಪ್ಪರಕ್ಕೆ ಏಣಿ ಹಾಕಿ ಭೋಂಗಾ ಕಟ್ಟುತ್ತಿದ್ದರು.

ಕರೆಂಟು ಮಾತ್ರ ಅವರ ವೈರಿ. ವೋಲ್ಟೇಜು ಬಿದ್ದರೆ ಯಂತ್ರ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಮೊದಮೊದಲು ತಲೆ ಚಚ್ಚಿಕೊಳ್ಳುತ್ತಿದ್ದರು. ಈಗ ಆ ಇಳಿತವನ್ನೂ ಎಸೆಯುವುದಿಲ್ಲ. ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ಬೇಕಾದಷ್ಟು ಇಳಿಸುತ್ತಾರೆ, ಏರಿಸುತ್ತಾರೆ. ಆ ಬೆರಳನ್ನು ನೋಡುತ್ತಿದ್ದರೆ ಇದೂ ಒಂದು ವಾದ್ಯವೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಮಾವನನ್ನು ಒಪ್ಪಿಸಿದ ಕೀರ್ತಿ ಜಗದಾಂಬ ಅವರದು. "ಚಾ ಕುಡಿಯಾಕ ಬರ್ತೀನಿ," ಎಂದರಂತೆ ಶಂಭುಲಿಂಗಯ್ಯ. "ಕುಡಿಯೂ ಮುಂದ ಏನಾರ ಕಿವಿಗೆ ಬಿದ್ರ, ಅದಕ್ಕ ನಾ ಏನ್ ಮಾಡ್ಲಿ."

ಹೇಳಿದ ಹಾಗೆ ಬರುತ್ತಾರೆ. ಎತ್ತರದ ಆಳು, ಈಗ ಬೆನ್ನು ಬಾಗಿದೆ, ಕೈಯಲ್ಲಿ ಕೋಲು. ಟೇಪಿನ ಬಳೆಯನ್ನು ನೋಡಿ, ಅಳಿಯನ ಮುಖ ನೋಡದೆ, ಕಷ್ಟಪಟ್ಟು ತಲೆ ತಗ್ಗಿಸಿ ಒಳಗೆ ಬಂದು ಕೂರುತ್ತಾರೆ. ದಾನಯ್ಯ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಮಾವನ ಕೈ ತಲೆಯ ಮೇಲೆ ಬರುತ್ತದೆ, ಮಾತು ಬರುವುದಿಲ್ಲ. ದಾನಯ್ಯ ಎದ್ದು ಯಂತ್ರದ ಗುಂಡಿ ಒತ್ತುತ್ತಾರೆ.

ಮೊದಲು ಪೆಟ್ಟಿಗೆಯ ನಾದ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ. ಅದರ ಕೆಳಗಿನಿಂದ ಏನೋ ಏಳುತ್ತದೆ. ಗಾಳಿಯೆಂದುಕೊಂಡರೆ ಗಾಳಿಯಲ್ಲ, ನೀರೆಂದುಕೊಂಡರೆ ನೀರಲ್ಲ. ಏಳುತ್ತಲೇ ಇರುತ್ತದೆ. ಒಂದರ ಮೇಲೊಂದು ಪದರ ಸೇರಿ ಕೋಣೆ ತುಂಬುತ್ತದೆ, ಕಿಟಕಿಯ ಗಾಜು ಸಣ್ಣಗೆ ಅದುರುತ್ತದೆ. ಇನ್ನೇನು ಮುಗಿಯಿತು ಎನ್ನುವಲ್ಲಿ ಮತ್ತೂ ಮೇಲಕ್ಕೆ ಹೋಗುತ್ತದೆ. ನಡುವೆ ಗುಡುಗಿನಂಥದ್ದೊಂದು ಉರುಳಿಹೋಗುತ್ತದೆ. ನಿಧಾನ ಮಾಡಿದ ಕೆಮ್ಮು ಅದು. ಅದು ದಾಟಿದ ಮೇಲೆ ಮತ್ತೆ ಅದೇ ಏರಿಕೆ, ಈಗ ಇನ್ನೂ ದೊಡ್ಡದು. ಕೇಳುವವರ ಎದೆಯೂ ತಾನಾಗಿ ಅದರ ಜೊತೆ ಮೇಲೇರುತ್ತದೆ. ತುತ್ತತುದಿಯಲ್ಲಿ, ಹಾಡು ಶುರುವಾಗಬೇಕಾದ ಜಾಗದಲ್ಲಿ, ಟೇಪು ನಿಲ್ಲುತ್ತದೆ.

ಚಹಾ ಕೆನೆ ಕಟ್ಟಿದೆ. ದಾನಯ್ಯ ನೆಲ ನೋಡುತ್ತಿದ್ದಾರೆ, ಬಾಗಿಲ ಬಳಿ ಜಗದಾಂಬ ಸೆರಗಿನ ತುದಿ ಹಿಂಡುತ್ತಿದ್ದಾರೆ. ಕೊನೆಗೆ ಶಂಭುಲಿಂಗಯ್ಯ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ನಿನ್ನ ಗಂಡಗ ಕೇಳವಾ, ಇದರಾಗ ನಾ ಹಾಡೂದು ಯಾವಾಗ ಬರ್ತದ?"

ಜಗದಾಂಬ ಗಂಡನ ಕಡೆ ನೋಡುತ್ತಾರೆ. ದಾನಯ್ಯ ತಲೆ ಎತ್ತದೆ ಹೇಳುತ್ತಾರೆ: "ಹಾಡೂದು ಇಲ್ರಿ ಮಾವಾರ. ಹಾಡೂಕಿಂತ ಮೊದಲ ನೀವು ಒಮ್ಮೆ ಉಸಿರು ಎಳ್ಕೋತೀರಲ್ರಿ, ಅದು. ಅದೊಂದ."

ಮುದುಕರು ಯಂತ್ರದ ಕಡೆ ನೋಡುತ್ತಾರೆ. ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು ಒಮ್ಮೆ ಉಸಿರು ಎಳೆದು ಬಿಡುತ್ತಾರೆ, ಅಲ್ಲಿ ಅಂಥದ್ದೇನಿದೆ ಎಂದು ನೋಡುವವರಂತೆ.

"ಅಷ್ಟ ದೊಡ್ಡದೈತೇನು ಅದು?"

ಈ ಮಾತು ಜಗದಾಂಬ ಅವರಿಗಲ್ಲ. ನೇರವಾಗಿ ಅಳಿಯನಿಗೆ. ದಾನಯ್ಯ ಹೌದೆಂದು ತಲೆಯಾಡಿಸುತ್ತಾರೆ.

ಶಂಭುಲಿಂಗಯ್ಯ ಆರಿದ ಚಹಾವನ್ನು ತಳ ಕಾಣುವವರೆಗೆ ಕುಡಿದು, ಕೋಲು ಊರಿ ಏಳುತ್ತಾರೆ.

"ನಾಳೆ ಮುಂಜಾನೆ ಪೂಜಾಕ್ಕ ಮೈಕ್ ತೊಗೊಂಡು ಬಾ, ದಾನು," ಎನ್ನುತ್ತಾರೆ. "ಮೊದಲಿನಷ್ಟ ಉಸಿರು ಈಗ ಉಳಿದಿಲ್ಲ. ಇದ್ದಷ್ಟು ಹಿಡಕೋ."