ಸಿಹಿನೀರಿನ ಬಣ್ಣ

ಸಂತೆಕಲ್ಲೂರಿನ ಆಚೆ, ಜೋಳದ ಹೊಲಗಳ ನಡುವಿನ ಸಣ್ಣ ಊರೊಂದರಲ್ಲಿ ಅಯ್ಯಮ್ಮನಿಗೆ 'ನೀರು ನೋಡಾಕಿ' ಎಂಬ ಹೆಸರು ಬಿದ್ದಿತ್ತು. ಮಸ್ಕಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ, ನೀರು ಪರೀಕ್ಷಿಸುವ ನೀಲಿ ಪೆಟ್ಟಿಗೆ ಹೊತ್ತು ಬಂದಾಗಿನಿಂದ ಆ ಹೆಸರು. ಗಾಜಿನ ಕೊಳವೆಯ ನೀರಿಗೆ ಹನಿ ಔಷಧಿ ಬಿಟ್ಟು ಬಿಸಿಲಿಗೆ ಹಿಡಿದರೆ ನೀರು ಮೆಲ್ಲಗೆ ಬಣ್ಣ ತಾಳುತ್ತಿತ್ತು. ಆಗ ಅವಳಿಗೆ ಸುತ್ತಲ ಸದ್ದೆಲ್ಲ ದೂರ ಸರಿದಂತಾಗುತ್ತಿತ್ತು. ಎಷ್ಟೋ ಕಾಲ ಬಂಡೆಯ ಮಗ್ಗುಲಲ್ಲಿ ಮಲಗಿದ್ದ ನೀರು ನಿದ್ದೆಗಣ್ಣಲ್ಲಿ ಏನೋ ಕನವರಿಸುತ್ತಿದೆ ಅನಿಸುತ್ತಿತ್ತು.

ಊರಿನ ಕೊಳವೆಬಾವಿಗಳೆಲ್ಲ ಬತ್ತಿ, ಉಳಿದದ್ದು ಗಾಳೆಪ್ಪನ ಬೋರು ಒಂದೇ. ಗಾಳೆಪ್ಪ ಅಯ್ಯಮ್ಮನ ಮಾವ. ಹಿಂದೊಮ್ಮೆ ನೀರಿನ ಸೆಲೆ ಹುಡುಕುತ್ತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತಿರುಗಾಡಿ, ಕಾಯಿ ಎದ್ದು ನಿಂತಲ್ಲಿ ಕೋಲು ನೆಟ್ಟು ಬೋರು ಕೊರೆಸಿದವನು ಅವನೇ. ಇಪ್ಪತ್ತೈದು ವರ್ಷ ಊರು ಆ ನೀರು ಕುಡಿದು, ಕಲ್ಲುಸಕ್ಕರೆಯಂತಿದೆ ಎಂದು ಹೊಗಳಿತ್ತು. ಬಂದ ಬೀಗರೂ ಹೊರಡುವಾಗ ಬಾಟಲಿ ತುಂಬಿಕೊಳ್ಳುತ್ತಿದ್ದರು.

ಆ ನೀರಿಗೆ ಹನಿ ಬಿಟ್ಟ ಬೆಳಿಗ್ಗೆ, ಕೊಳವೆಯಲ್ಲಿ ಗುಲಾಬಿ ಬಣ್ಣ ನಿಲ್ಲಲಿಲ್ಲ. ನೋಡನೋಡುತ್ತ ಅರಿಸಿನಕ್ಕೆ ತಿರುಗಿತು. ಫ್ಲೋರೈಡ್ ಮಿತಿ ಮೀರಿದೆ ಎಂದು ಅದರ ಅರ್ಥ. ಅಯ್ಯಮ್ಮ ಮೂರು ಸಲ ಮಾಡಿ ನೋಡಿದಳು. ಲಿಂಗಸುಗೂರಿನ ಪ್ರಯೋಗಾಲಯಕ್ಕೆ ಕಳಿಸಿದ ಬಾಟಲಿಗೂ ಅದೇ ಉತ್ತರ ಬಂತು. ಶಾಲೆ ಮಕ್ಕಳ ಕಂದು ಹಲ್ಲು, ಐವತ್ತಕ್ಕೇ ಬಾಗಿದ ಬೆನ್ನುಗಳು, ಮಾವನ ಮಡಚಲಾರದ ಮೊಣಕಾಲು ಒಂದೊಂದಾಗಿ ಕಣ್ಣೆದುರು ಹಾದುಹೋದವು. ಊರಿಗಿಂತ ಮೊದಲು ಮಾವನಿಗೇ ಹೇಳಬೇಕು ಎಂದುಕೊಂಡಳು.

"ಮಾವ, ನಮ್ಮ ಬೋರಿನ ನೀರು ಕುಡ್ಯಾಕ ಬರೂದಿಲ್ರಿ. ಎಲುವು ಹಿಡಿತೈತಂತ."

"ಕಾಸಿದ್ರ?"

"ಕಾಸಿದ್ರೂ ಹೋಗೂದಿಲ್ರಿ."

ಗಾಳೆಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟ. "ಹಂಗಾದ್ರ ಊರಿಗೆಲ್ಲ ನಾನ ಕುಡಿಸಿದಂಗಾತು."

"ನಿಮಗೇನು ಗೊತ್ತಿತ್ರಿ? ಯಾರಿಗೂ ಗೊತ್ತಿರಲಿಲ್ಲ."

ಮೂರನೆಯ ದಿನ ಬೆಳಿಗ್ಗೆ ಗಾಳೆಪ್ಪ ಕೋಲೂರಿಕೊಂಡು ಬೋರಿನ ಬಳಿ ಹೋಗಿ, ಕೊಡ ಹಿಡಿದು ನಿಂತವರ ಮುಂದೆ ತಾನೇ ಹೇಳಿದ. "ನನ್ನ ಸೊಸಿ ಹೇಳೂದು ಖರೇ ಐತಿ. ಈ ನೀರು ಬಳಸಾಕ ಇರ್ಲಿ, ಕುಡ್ಯಾಕ ಬ್ಯಾಡ."

"ಮತ್ತೇನು ಕುಡಿಯೂದು ಮುತ್ಯಾ?" ಎಂದ ದುರುಗೇಶ, ಸಾಲಿನಲ್ಲಿದ್ದ ಒಬ್ಬ ರೈತ.

"ಹಳೇ ಬಾವಿ ತೆಗಿಯೂಣು. ಮಳಿನೀರು ಇಂಗಿ ಬರೂ ಸೆಲಿ ಅದು. ಎಲ್ಲೈತಿ ಅಂತ ನನಗ ಗೊತ್ತೈತಿ."

ಬೋರು ಬಂದ ಮೇಲೆ ಮರೆತ ಬಾವಿಯದು, ಹೂಳು ತುಂಬಿ ಜಾಲಿ ಬೆಳೆದಿತ್ತು. ಮನೆಗೊಬ್ಬರಂತೆ ಇಳಿದರು. ಗಾಳೆಪ್ಪ ದಂಡೆಯ ಮೇಲೆ ಕುಳಿತು ಕೋಲು ತೋರಿಸುತ್ತಿದ್ದ. ಒಂಬತ್ತನೆಯ ದಿನ ಮಧ್ಯಾಹ್ನ, ಬಡಗಣ ಮೂಲೆಯ ಕಲ್ಲು ಬೆವರಿತು. ಅಯ್ಯಮ್ಮ ಇಳಿದು ಅಂಗೈ ಇಟ್ಟಳು. ಮೇಲೆ ದುಂಡಗಿನ ಆಕಾಶ, ಬೇರೆ ಯಾವುದೋ ಊರಿಂದ ಕೇಳುವಂಥ ಜನರ ದನಿ. ಬೆರಳ ಸಂದಿಯಿಂದ ತಣ್ಣನೆಯ ಎಳೆಯೊಂದು ಹರಿದು ಮೊಣಕೈಗೆ ಬಂದಾಗ, ತಾನು ಎಚ್ಚರವಾಗಿದ್ದೇನೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಬಾವಿಯಲ್ಲಿ ನೀರು ನಿಂತ ಮೇಲೆ ಪರೀಕ್ಷಿಸಿದಳು. ಈ ಸಲ ಗುಲಾಬಿ ಬಣ್ಣ ಉಳಿಯಿತು. ಆದರೆ ರೋಗಾಣು ನೋಡಲು ಇಟ್ಟಿದ್ದ ಬಾಟಲಿ ಮರುದಿನ ಕಪ್ಪಾಗಿತ್ತು. "ಇನ್ನೂ ಕುಡೀಬ್ಯಾಡ್ರಿ" ಎಂದಳು. ಜನ ಗೊಣಗಿದರು.

"ನಿನ್ನ ಬಾಟಲಿ ಒಪ್ಪೂತನಕ ಬಾಯಿ ಒಣಗಸ್ಕೊಂಡು ಕುಂದ್ರಬೇಕೇನು?" ಎಂದು ನೆರೆಮನೆಯ ಆದಮ್ಮ ರೇಗಿದಳು.

"ಬಾಯಿ ಒಣಗೂದು ಬ್ಯಾಡಬೇ, ಪಂಚಾಯ್ತಿ ಟ್ಯಾಂಕರ್ ಬರತೈತಿ. ನಾಕು ದಿನ ತಡಿ."

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು, ಅದರ ಬಾಯಿಗೆ ಜಾಲರಿ ಹೊದಿಸಿದರು, ಬಟ್ಟೆ ಒಗೆಯುವ ಕಲ್ಲನ್ನು ದೂರಕ್ಕೆ ಎಳೆದರು. ಎರಡನೆಯ ಬಾಟಲಿಯೂ ಕಪ್ಪಾಯಿತು, ಮೂರನೆಯದು ಎರಡು ದಿನವಾದರೂ ಆಗಲಿಲ್ಲ. ಅಂದು ಊರು ಕುಡಿಯಿತು. ಬೇಸಿಗೆಯಲ್ಲಿ ಮನೆಗೆ ಎರಡೇ ಕೊಡ ಎಂದು ಅವರವರೇ ಗೊತ್ತು ಮಾಡಿಕೊಂಡರು. ಗಾಳೆಪ್ಪನ ಮೊಣಕಾಲು ಸಡಿಲಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಆದರೂ ದಿನಾ ದಂಡೆಗೆ ಬಂದು ಕೂರುತ್ತಾನೆ.

ಈ ವರ್ಷ ಸಿಂಧನೂರು ಕಡೆಯ ವಳಕಮದಿನ್ನಿಯಿಂದ ಅಯ್ಯಮ್ಮನಿಗೆ ಕರೆ ಬಂತು. ಕಾಲುವೆ ನೀರು ಕುಡಿದು ಅಲ್ಲಿನ ಮಕ್ಕಳಿಗೆ ಪದೇಪದೇ ಹೊಟ್ಟೆ ಕೆಡುತ್ತಿದೆಯಂತೆ. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಅಯ್ಯಮ್ಮನಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಎರಡೂ ಬದಿ ನೀರು ನಿಂತ ಭತ್ತದ ಗದ್ದೆಗಳು, ಅವುಗಳೊಳಗೆ ಮೋಡಗಳು ತೇಲುತ್ತಿದ್ದವು. ಇಷ್ಟು ನೀರಿನ ನಡುವೆಯೂ ಬಾಯಾರಿ ಕುಳಿತವರ ಹತ್ತಿರ ಬಸ್ಸು ಹೋಗುತ್ತಿತ್ತು.